ಬೆಕ್ಕಿರುವ ಮನೆಯಲ್ಲಿ ನೀಲಗಿರಿ ಎಣ್ಣೆ

ಊರಿಗೆ ಹೋಗಿ ಬಂದ ನಮ್ಮವರ ಪೆಟ್ಟಿಗೆ ಬಿಚ್ಚಿದರೆ ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿಯ ಸಂದಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ಸಿಕ್ಕೇ ಸಿಗುತ್ತದೆ. ನೀಲಗಿರಿ ಎಣ್ಣೆಯ ಸೀಸೆ, ಅಮೃತಾಂಜನ, ಹಲ್ಲುನೋವಿಗೆ ಲವಂಗದ ಎಣ್ಣೆ, ಪೂಜೆಗೆ ಕರ್ಪೂರ. ಇಲ್ಲಿಂದ ಊರಿಗೆ ಹೊರಡುವಾಗ ಅದೇ ಚೀಲದಲ್ಲಿ ಆಕ್ಸ್ ಆಯಿಲ್, ಟೈಗರ್ ಬಾಮ್ ತುಂಬಿಕೊಂಡು ಹೋಗುತ್ತೇವೆ. ಶೀತ, ತಲೆನೋವು, ಮಂಡಿನೋವು, ಸೊಳ್ಳೆ ಕಡಿತ, ಎಲ್ಲಕ್ಕೂ ಈ ಚೀಲವೇ ನಮ್ಮ ಮೊದಲ ಡಾಕ್ಟರು. ಇತ್ತೀಚೆಗೆ ಇದರ ಸಾಲಿಗೆ ಹೊಸದೊಂದು ಸೇರಿದೆ. ನೀರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಸ್ವಿಚ್ ಒತ್ತಿದರೆ ಕೋಣೆ ತುಂಬ ಪರಿಮಳದ ಮಂಜು ಬಿಡುವ ಡಿಫ್ಯೂಸರ್.

ನಮ್ಮ ಮನೆಗಳಿಗೆ ಸೇರಿಕೊಂಡ ಇನ್ನೊಂದು ಬೆಕ್ಕು. ಪಾರ್ಕಿಂಗ್ ಜಾಗದಲ್ಲಿ ಮಿಯಾಂವ್ ಎನ್ನುತ್ತಿದ್ದ ಮರಿಯನ್ನು ಮಕ್ಕಳು ಎತ್ತಿಕೊಂಡು ಬಂದು, ಈಗ ಅದೇ ಮನೆಯ ಯಜಮಾನ ಆಗಿರುವ ಕಥೆ ನಮ್ಮ ಸಂಘದ ಎಷ್ಟೋ ಮನೆಗಳದ್ದು. ಈ ಎರಡೂ, ಅಂದರೆ ಆ ಎಣ್ಣೆಯ ಚೀಲ ಮತ್ತು ಈ ಬೆಕ್ಕು, ಒಂದೇ ಸೂರಿನಡಿ ಇರುವಾಗ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ನಾನು ಪಶುವೈದ್ಯನಲ್ಲ. ಡಿ.ಫಾರ್ಮ ಮುಗಿಸಿ ಇಪ್ಪತ್ತು ವರ್ಷಗಳಿಂದ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿಯುತ್ತಿರುವವನು. ಒಂದು ಔಷಧ ದೇಹದೊಳಗೆ ಹೋಗಿ ಏನಾಗುತ್ತದೆ, ಯಾವ ದಾರಿಯಲ್ಲಿ ಹೊರಬರುತ್ತದೆ ಎನ್ನುವುದು ನನ್ನ ದಿನದ ಕೆಲಸ. ಆ ಮಟ್ಟಿಗೆ ಈ ವಿಷಯ ನನ್ನದೂ ಹೌದು. ಆದರೆ ಇದನ್ನು ಬರೆಯುವ ಪ್ರಸಂಗ ಬಂದದ್ದು ಮಸ್ಕತ್ತಿನಲ್ಲಲ್ಲ, ಸ್ವೀಡನ್ನಿನಲ್ಲಿ.

ನನ್ನ ತಂಗಿಯ ಸಂಸಾರ ಇರುವುದು ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರು ದೂರದ ಉಪ್ಸಾಲಾ ಊರಿನಲ್ಲಿ. ಅವಳ ಮಗನ ಹಟಕ್ಕೆ ಮನೆಗೆ ಬಂದ ಬೆಕ್ಕಿಗೆ ಮಿಸ್ಸೆ ಎಂದು ಹೆಸರು. ನಾವು 'ಪುಸಿ' ಎಂದು ಕರೆಯುವ ಹಾಗೆ ಅಲ್ಲಿಯವರು ಬೆಕ್ಕನ್ನು ಮುದ್ದಿನಿಂದ ಕರೆಯುವುದೇ 'ಮಿಸ್ಸೆ' ಎಂದು. ಅಮ್ಮ ಕುಂದಾಪುರದಿಂದ ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದರು. ನವೆಂಬರಿನ ಒಂದು ರಾತ್ರಿ ಮೊಮ್ಮಗನಿಗೆ ಮೂಗು ಕಟ್ಟಿ ನಿದ್ದೆ ಬರಲಿಲ್ಲ. ನಮ್ಮನ್ನು ಬೆಳೆಸಿದ ಹಾಗೆಯೇ ಅಮ್ಮ ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿ ದಿಂಬಿನ ಪಕ್ಕ ಇಟ್ಟರು. ಸ್ವಲ್ಪ ಧಾರಾಳವಾಗಿಯೇ. ಮಗು ನಿದ್ದೆ ಮಾಡಿತು. ಬೆಕ್ಕು ಎಂದಿನಂತೆ ಹಾಸಿಗೆ ಹತ್ತಿ ಆ ಕರ್ಚೀಫಿನ ಮೇಲೆಯೇ ಸುರುಳಿ ಸುತ್ತಿ ಮಲಗಿತು. ಕೋಣೆಯ ಬಾಗಿಲು ಹಾಕಿತ್ತು.

ನನಗೆ ಫೋನ್ ಬಂದದ್ದು ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂವರೆಗೆ, ಅಲ್ಲಿ ಹತ್ತೂವರೆ. ಬೆಕ್ಕಿನ ಬಾಯಿಂದ ಜೊಲ್ಲು ಸುರಿಯುತ್ತಿದೆ, ನಡೆದರೆ ಹಿಂಗಾಲು ವಾಲುತ್ತದೆ, ಎದೆಯ ಕೂದಲೆಲ್ಲ ನೀಲಗಿರಿ ವಾಸನೆ ಎಂದು ತಂಗಿ ಒಂದೇ ಉಸಿರಿನಲ್ಲಿ ಹೇಳಿದಳು. ಏನಾಗಿದೆ ಎಂದು ಊಹಿಸುವುದು ಕಷ್ಟವಿರಲಿಲ್ಲ. ಕೂದಲಿಗೆ ಅಂಟಿದ್ದನ್ನು ಬೆಕ್ಕು ನೆಕ್ಕಿಕೊಂಡಿತ್ತು. ವಾಂತಿ ಮಾಡಿಸಬೇಡ, ಪಾತ್ರೆ ತೊಳೆಯುವ ಸೋಪಿನಲ್ಲಿ ಎದೆ ತೊಳೆ, ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡು, ಎಣ್ಣೆಯ ಸೀಸೆ ಹಿಡಿದುಕೊಂಡು ಈಗಲೇ ಪ್ರಾಣಿಗಳ ಆಸ್ಪತ್ರೆಗೆ ಹೊರಡು ಎಂದೆ. ಎರಡು ರಾತ್ರಿ ಅಲ್ಲಿ ಡ್ರಿಪ್ ಹಾಕಿ, ಮೈ ಬೆಚ್ಚಗಿಟ್ಟು ನೋಡಿಕೊಂಡರು. ಬೆಕ್ಕು ಉಳಿಯಿತು. ವಿಮೆ ಇದ್ದದ್ದರಿಂದ ತಂಗಿಯ ಗಂಡನೂ ಉಳಿದ.

ಉಳಿಯದೆ ಹೋದದ್ದು ಅಮ್ಮನ ನೆಮ್ಮದಿ. ಡಿಸೆಂಬರಿನಲ್ಲಿ ರಜೆ ಹಾಕಿ ನಾನು ಅಲ್ಲಿಗೆ ಹೋದಾಗ ಅವರು ತಮ್ಮ ಎಣ್ಣೆ, ಮುಲಾಮುಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಮಂಡಿ ನೋಯುತ್ತಿದ್ದರೂ ಅಮೃತಾಂಜನ ಹಚ್ಚುತ್ತಿರಲಿಲ್ಲ. ಯಾರೂ ಅವರನ್ನು ಬೈದಿರಲಿಲ್ಲ, ಆದರೆ ಮೊಮ್ಮಗ ಎರಡು ದಿನ ಮಾತಾಡಿರಲಿಲ್ಲ. ಒಂದು ದಿನ ಚಹಾ ಕುಡಿಯುತ್ತಾ ಕೇಳಿಯೇ ಬಿಟ್ಟರು: "ಮಗಾ, ನಮ್ಮನೆಯಲ್ಲಿ ಎಷ್ಟು ಬೆಕ್ಕು ಇದ್ದವು! ನಿನ್ನ ಅಜ್ಜಿ ದಿನಾ ಬೆಳಿಗ್ಗೆ ಮೈಗೆಲ್ಲ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಒಂದಾದರೂ ಬೆಕ್ಕಿಗೆ ಏನಾದರೂ ಆಯ್ತಾ?"

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರವೂ ಆ ಹಳೆಯ ಮನೆಯಲ್ಲೇ ಇದೆ. ನಮ್ಮ ಹೆಂಚಿನ ಮನೆಗೆ ಜಗಲಿ, ಅಂಗಳ, ಅಟ್ಟ, ಹಟ್ಟಿ. ಕಿಟಕಿಗೆ ಗಾಜಿಲ್ಲ, ಬಾಗಿಲು ಹಗಲಿಡೀ ತೆರೆದೇ ಇರುತ್ತಿತ್ತು. ಅಜ್ಜಿ ಎಣ್ಣೆ ತಿಕ್ಕಿಕೊಂಡರೆ ಬೆಕ್ಕು ಮೂಗು ಸೊಟ್ಟ ಮಾಡಿಕೊಂಡು ಎದ್ದು ಹೋಗಿ ಹುಲ್ಲಿನ ಕುತ್ತರಿಯ ಮೇಲೆ ಮಲಗುತ್ತಿತ್ತು. ಬೆಕ್ಕಿಗೆ ಹೀಗೆ ಎದ್ದು ಹೋಗುವ ಸ್ವಾತಂತ್ರ್ಯವಿತ್ತು. ಉಪ್ಸಾಲಾದ ಮೂರನೇ ಮಹಡಿಯ ಮನೆಯಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಅದು ಇಲ್ಲ. ಮಸ್ಕತ್ತಿನ, ದೋಹಾದ, ಶಾರ್ಜಾದ ನಮ್ಮ ಫ್ಲ್ಯಾಟುಗಳಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಇಲ್ಲ. ಅಲ್ಲಿ ಚಳಿಗೆ ಕಿಟಕಿ ಮುಚ್ಚುತ್ತಾರೆ, ಇಲ್ಲಿ ನಾವು ಏಸಿಗಾಗಿ ಮುಚ್ಚುತ್ತೇವೆ. ಒಳಗಿರುವ ಬೆಕ್ಕಿಗೆ ಎರಡೂ ಒಂದೇ.

ಇನ್ನೊಂದು ಮಾತನ್ನೂ ಅಮ್ಮನಿಗೆ ಹೇಳಿದೆ. ಊರಲ್ಲಿ ಬೆಕ್ಕು ಎರಡು ದಿನ ಕಾಣದಿದ್ದರೆ ಎಲ್ಲೋ ಹೋಯಿತು ಎನ್ನುತ್ತಿದ್ದೆವು. ಯಾಕೆ ಹೋಯಿತು ಎಂದು ಯಾರು ಹುಡುಕಿದ್ದಾರೆ?

ಬೆಕ್ಕಿನ ಲಿವರಿನಲ್ಲಿ ಇಲ್ಲದ ಹಗ್ಗ

ನಾಯಿಗೆ, ಮನುಷ್ಯರಿಗೆ ಅಷ್ಟಾಗಿ ತೊಂದರೆ ಕೊಡದ ಪ್ರಮಾಣ ಬೆಕ್ಕಿಗೇಕೆ ವಿಷ? ಗಲ್ಫಿನವರಿಗೆ ಇದನ್ನು ವಿವರಿಸುವುದು ಸುಲಭ. ಊರಿಗೆ ಕಾರ್ಟನ್ ಕಳಿಸುವಾಗ ಏನು ಮಾಡುತ್ತೇವೆ? ಟೇಪು ಸುತ್ತಿ, ಹಗ್ಗ ಬಿಗಿದು, ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಹೆಸರು ಬರೆಯುತ್ತೇವೆ. ಹಗ್ಗ, ಹೆಸರು ಇಲ್ಲದ ಪೆಟ್ಟಿಗೆಯನ್ನು ಕಾರ್ಗೋದವನು ಮುಟ್ಟುವುದಿಲ್ಲ. ಲಿವರಿನದ್ದೂ ಅದೇ ಕೆಲಸ. ದೇಹಕ್ಕೆ ಬೇಡದ, ಎಣ್ಣೆಯಲ್ಲಷ್ಟೇ ಕರಗುವ ವಸ್ತುವಿಗೆ ಗ್ಲುಕ್ಯುರಾನಿಕ್ ಆಮ್ಲ ಎಂಬ ಸಕ್ಕರೆಯ ಬಂಧುವೊಂದನ್ನು ಕಟ್ಟಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದ ದಾರಿಗೆ ಸಾಗಹಾಕುತ್ತದೆ. ಈ ಹಗ್ಗ ಕಟ್ಟುವ ಕಿಣ್ವಗಳಲ್ಲಿ ಮುಖ್ಯವಾದ ಒಂದು ಬೆಕ್ಕಿನಲ್ಲಿ ತಯಾರಾಗುವುದೇ ಇಲ್ಲ. ಅದನ್ನು ಮಾಡಬೇಕಾದ ಯುಜಿಟಿ1ಎ6 ಎಂಬ ಜೀನು ಬೆಕ್ಕಿನಲ್ಲಿ ಕೆಟ್ಟು ನಿಂತಿದೆ ಎಂದು 2000ದಲ್ಲಿ ಸಂಶೋಧಕರು ತೋರಿಸಿದರು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹುಲಿ, ಸಿಂಹ, ಚಿರತೆ ಸೇರಿ ಬೆಕ್ಕಿನ ಇಡೀ ಕುಲದಲ್ಲೇ ಈ ಕೊರತೆ ಇದೆ ಎಂದಿತು. ಅಂದರೆ ಬಂಡೀಪುರದ ಹುಲಿಯ ಲಿವರೂ ಮಿಸ್ಸೆಯ ಲಿವರೂ ಈ ವಿಷಯದಲ್ಲಿ ಅಣ್ಣತಮ್ಮಂದಿರು. ಮಾಂಸ ಬಿಟ್ಟು ಬೇರೇನೂ ತಿನ್ನದ ಪ್ರಾಣಿಗೆ ಗಿಡದ ರಾಸಾಯನಿಕಗಳನ್ನು ಕಳೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ, ಬಳಸದ ಜೀನು ಕಾಲಾಂತರದಲ್ಲಿ ಕೆಟ್ಟಿತು ಎಂಬುದು ಅದಕ್ಕೆ ಕೊಡುವ ವಿವರಣೆ.

ಎಸೆನ್ಷಿಯಲ್ ಆಯಿಲ್ ಎಂದರೆ ಗಿಡದ ರಾಸಾಯನಿಕಗಳೇ, ಅದೂ ಭಟ್ಟಿ ಇಳಿಸಿ ಗಟ್ಟಿ ಮಾಡಿದ್ದು. ಅವುಗಳಲ್ಲಿ ಫೀನಾಲ್ ಗುಂಪಿನವು ಬೆಕ್ಕಿಗೆ ಹೆಚ್ಚು ಕಷ್ಟ. ಲವಂಗದ ಎಣ್ಣೆಯ ಯೂಜೆನಾಲ್ ಅಂಥದ್ದು. ವಿಂಟರ್‌ಗ್ರೀನ್ ಎಣ್ಣೆಯಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್‌ನ ಸಂಬಂಧಿ. ನೋವಿನ ಮುಲಾಮುಗಳ ಆ ಪರಿಚಿತ ವಾಸನೆ ಬಹುಮಟ್ಟಿಗೆ ಇದರದ್ದೇ. ಶುದ್ಧ ವಿಂಟರ್‌ಗ್ರೀನ್ ಎಣ್ಣೆಯ ಒಂದು ಟೀ ಚಮಚದಲ್ಲಿ 325 ಮಿಲಿಗ್ರಾಮಿನ ಸುಮಾರು 21 ಆಸ್ಪಿರಿನ್ ಮಾತ್ರೆಗಳಷ್ಟು ಸ್ಯಾಲಿಸಿಲೇಟ್ ಇರುತ್ತದೆ. ಮಕ್ಕಳಿರುವ ಮನೆಯವರೂ ಈ ಲೆಕ್ಕ ನೆನಪಿಟ್ಟುಕೊಳ್ಳಿ. ಇನ್ನು ಆಸ್ಪಿರಿನ್ ಅರ್ಧಕ್ಕೆ ಇಳಿಯಲು ನಾಯಿಯ ದೇಹದಲ್ಲಿ ಸುಮಾರು ಎಂಟೂವರೆ ಗಂಟೆ ಸಾಕು, ಬೆಕ್ಕಿನಲ್ಲಿ ಸುಮಾರು 38 ಗಂಟೆ ಬೇಕು. ನಿನ್ನೆ ನೆಕ್ಕಿದ್ದು ಹೊರಹೋಗುವ ಮೊದಲೇ ಇವತ್ತಿನದು ಮೇಲೆ ಬಿದ್ದರೆ ಏನಾದೀತು, ನೀವೇ ಅಂದಾಜು ಮಾಡಿ.

ತೂಕದ ಲೆಕ್ಕ ಬೇರೆ. ಬೆಕ್ಕು ನಾಲ್ಕು ಕಿಲೋ, ನಾವು ಅರವತ್ತು ಎಂದಿಟ್ಟುಕೊಳ್ಳಿ. ಬೆಕ್ಕಿನ ಹೊಟ್ಟೆಗೆ ಹೋದ ಒಂದು ಮಿಲಿಲೀಟರು, ಅಂದರೆ ಇಪ್ಪತ್ತು ಹನಿ, ನಮಗೆ ಹದಿನೈದು ಮಿಲಿಲೀಟರಿಗೆ ಸಮ. ನೀಲಗಿರಿ ಎಣ್ಣೆಯನ್ನು ಮೂರು ಚಮಚ ಕುಡಿದು ನೋಡುವ ಧೈರ್ಯ ಯಾರಿಗಿದೆ?

ಮಾತ್ರೆಗಳ ವಿಷಯದಲ್ಲೂ ಇದೇ ಲಿವರು. ಸ್ವೀಡನ್ನಿನಲ್ಲಿ ಪ್ಯಾರಾಸಿಟಮಾಲ್ ಅಂದರೆ ಆಲ್ವೆಡಾನ್, ನಮ್ಮ ಪನಡಾಲ್ ಇದ್ದ ಹಾಗೆ. ಅಂಗಡಿ, ಪೆಟ್ರೋಲ್ ಬಂಕುಗಳಲ್ಲೂ ಸಿಗುತ್ತಿದ್ದ ಅದರ ಮಾತ್ರೆಗಳನ್ನು 2015ರ ನವೆಂಬರಿನಿಂದ ಫಾರ್ಮಸಿಯಲ್ಲಷ್ಟೇ ಮಾರಬೇಕೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಆದೇಶಿಸಿತು. ಕಾರಣ, ಮನುಷ್ಯರಲ್ಲಿ ಅತಿ ಸೇವನೆಯ ಪ್ರಕರಣಗಳು ಏರುತ್ತಿದ್ದವು. ಬೆಕ್ಕಿಗಾದರೋ ಅತಿ ಸೇವನೆಯೇ ಬೇಕಿಲ್ಲ. 500 ಮಿಲಿಗ್ರಾಮಿನ ಒಂದೇ ಮಾತ್ರೆ ನಾಲ್ಕು ಕಿಲೋ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ರಕ್ತ ಆಮ್ಲಜನಕ ಹೊರಲಾರದೆ ಕಂದಾಗುತ್ತದೆ, ವಸಡಿನ ಬಣ್ಣವೂ ಹಾಗೇ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ. ಬೆಕ್ಕಿಗೆ ಜ್ವರ ಬಂದಂತಿದೆ, ಮಕ್ಕಳ ಪನಡಾಲ್ ಸಿರಪ್ ಅರ್ಧ ಚಮಚ ಕೊಡಲೇ ಎಂದು ನನ್ನನ್ನು ಕೇಳಿದವರಿದ್ದಾರೆ. ದಯವಿಟ್ಟು ಬೇಡ.

ಪ್ರೀತಿಯಿಂದಲೇ ಆದ ವಿಷ

ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಹೆಚ್ಚು ಕಾಡಿದ್ದು ಟೀ ಟ್ರೀ ಎಣ್ಣೆಯ ಒಂದು ವರದಿ. ಅಮೆರಿಕದ ಪ್ರಾಣಿ ವಿಷ ಮಾಹಿತಿ ಕೇಂದ್ರಕ್ಕೆ 2002ರಿಂದ 2012ರವರೆಗೆ ಬಂದ 443 ಪ್ರಕರಣಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ್ದು. 337 ನಾಯಿಗಳು, 106 ಬೆಕ್ಕುಗಳು, ಎಲ್ಲಕ್ಕೂ ತಗುಲಿದ್ದು ಏನೂ ಬೆರೆಸದ ಶುದ್ಧ ಎಣ್ಣೆ. ಅದರಲ್ಲಿ 395 ಪ್ರಾಣಿಗಳಿಗೆ ಎಣ್ಣೆ ಅಕಸ್ಮಾತ್ ಚೆಲ್ಲಿದ್ದಲ್ಲ, ಮನೆಯವರೇ ಬೇಕೆಂದು ಹಚ್ಚಿದ್ದು ಅಥವಾ ಕುಡಿಸಿದ್ದು. ಚರ್ಮದ ಕಜ್ಜಿ ವಾಸಿಯಾಗಲಿ, ಚಿಗಟ ಹೋಗಲಿ ಎಂದು. ಎರಡರಿಂದ ಹನ್ನೆರಡು ಗಂಟೆಯೊಳಗೆ ಜೊಲ್ಲು, ಮಂಕು, ನಡುಕ, ಕಾಲಿನ ಬಲಹೀನತೆ ಶುರುವಾಗಿ ಮೂರು ದಿನದವರೆಗೂ ಇದ್ದವು. ಚಿಕ್ಕ ವಯಸ್ಸಿನ, ತೂಕ ಕಮ್ಮಿಯಿರುವ ಬೆಕ್ಕುಗಳಿಗೆ ಹೆಚ್ಚು ತೀವ್ರವಾಗಿತ್ತು. ಅದಕ್ಕೂ ಮೊದಲು 1998ರಲ್ಲಿ ಮೂರು ಅಂಗೋರಾ ಬೆಕ್ಕುಗಳ ಪ್ರಕರಣ ದಾಖಲಾಗಿತ್ತು. ಚಿಗಟಕ್ಕೆಂದು ಕೂದಲು ಬೋಳಿಸಿ, ಮೂರಕ್ಕೂ ಸೇರಿ 60 ಮಿಲಿಲೀಟರು ಟೀ ಟ್ರೀ ಎಣ್ಣೆ ಹಚ್ಚಿದ್ದರು. ಎರಡು ಬದುಕಿದವು, ಒಂದು ಮೂರನೇ ದಿನ ಸತ್ತಿತು.

ಈ ವರದಿಯನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕೇಳಿ ಸುಮ್ಮನಿದ್ದು, "ಹಾಗಾದರೆ ಅವರೂ ನನ್ನ ಹಾಗೇ" ಎಂದರು. ಆ ಸಂಜೆ ಪೆಟ್ಟಿಗೆಯ ಬೀಗ ತೆಗೆದು ಮಂಡಿಗೆ ಅಮೃತಾಂಜನ ಹಚ್ಚಿದರು, ಮೇಲೆ ಸಾಕ್ಸು ಎಳೆದುಕೊಂಡು, ಬೆಕ್ಕನ್ನು ಹೊರಗಿಟ್ಟು, ಬಾಗಿಲು ಹಾಕಿಕೊಂಡು.

ಉಪ್ಸಾಲಾ ಎಂದ ಮೇಲೆ ಕಾರ್ಲ್ ಲಿನೇಯಸ್‌ನನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಗಿಡ, ಪ್ರಾಣಿಗಳಿಗೆ ಎರಡು ಪದದ ಲ್ಯಾಟಿನ್ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವನು. ಫಾರ್ಮಸಿ ಓದುವಾಗ ಆ ಹೆಸರುಗಳನ್ನು ಬಾಯಿಪಾಠ ಮಾಡಿ ಸುಸ್ತಾದವರಲ್ಲಿ ನಾನೂ ಒಬ್ಬ. ಅವನು ಅಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ. 1752ರಲ್ಲಿ ಔಷಧಗಳ ವಾಸನೆಯ ಬಗ್ಗೆಯೇ ಒಂದು ಪ್ರಬಂಧ ಹೊರತಂದು ವಾಸನೆಗಳನ್ನು ಏಳು ಬಗೆಯಾಗಿ ವಿಂಗಡಿಸಿದ. ಮರುವರ್ಷ ಕರ್ಪೂರದ ಮರಕ್ಕೂ, ಬೆಕ್ಕುಗಳು ಕಂಡರೆ ಹೊರಳಾಡುವ ಕ್ಯಾಟ್‌ನಿಪ್ ಗಿಡಕ್ಕೂ ಹೆಸರಿಟ್ಟ. 1758ರಲ್ಲಿ ಮನೆಬೆಕ್ಕಿಗೆ ಫೆಲಿಸ್ ಕೇಟಸ್ ಎಂದು ಹೆಸರಿಟ್ಟ. ಅವನ ತೋಟ ಈಗಲೂ ಊರಿನ ಮಧ್ಯದಲ್ಲಿದೆ. ನಾನು ಹೋದಾಗ ಹಿಮ ಮುಚ್ಚಿತ್ತು, ಬೇಲಿಯಾಚೆಯಿಂದ ನೋಡಿ ಬಂದೆ. ಅಂದ ಹಾಗೆ, ಬೆಕ್ಕಿಗೆ ಕೊಡಬಹುದಾದ ಪರಿಮಳ ಎಂದರೆ ಆ ಒಣ ಕ್ಯಾಟ್‌ನಿಪ್ ಎಲೆ. ಅದರ ಭಟ್ಟಿ ಇಳಿಸಿದ ಎಣ್ಣೆಯಲ್ಲ, ಎಲೆ.

ಡಿಸೆಂಬರಿನ ಸ್ವೀಡನ್ ಪರಿಮಳದ ನಾಡು. ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು, ಪ್ರತಿ ಕಿಟಕಿಯಲ್ಲೂ ದೀಪ. ಕಿತ್ತಳೆ ಹಣ್ಣಿಗೆ ಲವಂಗ ಚುಚ್ಚಿ ನೇತುಹಾಕುತ್ತಾರೆ, ಚಕ್ಕೆ ಲವಂಗ ಹಾಕಿದ ಬಿಸಿ ವೈನ್ ಕುದಿಯುತ್ತದೆ, ಮೇಜಿನ ಮೇಲೆ ಹಯಸಿಂತ್ ಹೂವು, ಮೂಲೆಯಲ್ಲಿ ಸ್ಪ್ರೂಸ್ ಮರ. ಇವಿಷ್ಟರಿಂದ ಬೆಕ್ಕು ಸಾಯುವುದಿಲ್ಲ, ಹಯಸಿಂತ್‌ನ ಗೆಡ್ಡೆ ಅಗಿಯದಂತೆ ನೋಡಿಕೊಂಡರೆ ಸಾಕು. ಒಂದು ಕಿತ್ತಳೆಗೆ ಚುಚ್ಚಿದ ಲವಂಗಕ್ಕೂ ಹತ್ತು ಮಿಲಿಲೀಟರಿನ ಲವಂಗದ ಎಣ್ಣೆಗೂ ಇರುವ ದೂರ ದೊಡ್ಡದು. ಎಲ್ಲ ವಾಸನೆಗೂ ಹೆದರಿ ಕೂರಬೇಕಿಲ್ಲ. ಅಪಾಯ ಇರುವುದು ಸೀಸೆಯೊಳಗಿನ ಗಟ್ಟಿ ದ್ರವದಲ್ಲಿ, ಮತ್ತು ಅದು ಬೆಕ್ಕಿನ ಕೂದಲು, ಪಾದ, ನಾಲಿಗೆಗೆ ತಲುಪುವ ದಾರಿಯಲ್ಲಿ.

ಆ ದಾರಿಗಳನ್ನು ಸ್ವಲ್ಪ ನೋಡೋಣ. ನೇರವಾಗಿ ಹಚ್ಚುವುದು ಎಲ್ಲಕ್ಕಿಂತ ಕೆಟ್ಟದ್ದು. ಆಮೇಲೆ ಚೆಲ್ಲಿದ್ದು: ಮೇಜಿನ ಮೇಲೆ ಕಡ್ಡಿ ನೆಟ್ಟಿಡುವ ಪರಿಮಳದ ಬಾಟಲಿಯನ್ನು ಬೆಕ್ಕು ಉರುಳಿಸಿ, ಅದರ ಮೇಲೆ ನಡೆದು, ಪಾದ ನೆಕ್ಕುವುದು. ಡಿಫ್ಯೂಸರ್‌ಗಳಲ್ಲಿ ಮಂಜು ಚಿಮ್ಮಿಸುವ ಬಗೆಯದು ಬರೀ ವಾಸನೆಯನ್ನಲ್ಲ, ಎಣ್ಣೆಯ ಅತಿ ಸಣ್ಣ ಹನಿಗಳನ್ನೇ ಗಾಳಿಗೆ ಬಿಡುತ್ತದೆ. ಹತ್ತಿರ ಮಲಗಿದ ಬೆಕ್ಕಿನ ಮೈಮೇಲೆ ಅವು ಕೂರುತ್ತವೆ. ದಿನದಲ್ಲಿ ಗಂಟೆಗಟ್ಟಲೆ ಮೈ ನೆಕ್ಕುವ ಪ್ರಾಣಿಗೆ ಮೈಮೇಲೆ ಬಿದ್ದದ್ದು ಹೊಟ್ಟೆಗೆ ಬಿದ್ದ ಹಾಗೆಯೇ. ಉಬ್ಬಸ ಇರುವ ಬೆಕ್ಕುಗಳಿಗೆ ಬರೀ ಗಾಳಿಯಲ್ಲಿರುವುದೂ ಸಾಕು, ಕೆಮ್ಮು ಏಳುತ್ತದೆ. ನಮ್ಮ ಲೋಬಾನ, ಇಲ್ಲಿನ ಬುಖೂರ್ ಹೊಗೆಗೂ ಇದೇ ಮಾತು.

ತಂಗಿಯ ಮನೆಯ ಕಪಾಟಿನಲ್ಲಿದ್ದ ಸೀಸೆಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಯುರೋಪಿನಲ್ಲಿ ಮಾರುವ ಇಂಥ ಎಷ್ಟೋ ಎಣ್ಣೆಗಳ ಲೇಬಲ್ಲಿನಲ್ಲಿ, ನುಂಗಿ ಶ್ವಾಸನಾಳಕ್ಕೆ ಹೋದರೆ ಪ್ರಾಣಾಪಾಯ ಎಂಬ ಎಚ್ಚರಿಕೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅವಳು ಅಲ್ಲಿಯವರೆಗೆ ಓದಿರಲಿಲ್ಲ, ಯಾರು ಓದುತ್ತಾರೆ? ಊರಿಂದ ಬಂದ ಸೀಸೆಯ ಮೇಲೆ 'ಶುದ್ಧ' ಎಂದು ಮಾತ್ರ ಇತ್ತು. ಟೀ ಟ್ರೀ, ಲವಂಗ, ಚಕ್ಕೆ, ವಿಂಟರ್‌ಗ್ರೀನ್, ಪುದೀನ, ಪೆನಿರಾಯಲ್, ನೀಲಗಿರಿ, ಪೈನ್, ನಿಂಬೆ ಕಿತ್ತಳೆ ಜಾತಿಯ ಎಣ್ಣೆಗಳು, ಇವೆಲ್ಲವನ್ನೂ ಬೆಕ್ಕಿನ ಹತ್ತಿರ ಬಿಡಬಾರದ ಪಟ್ಟಿಗೆ ಸೇರಿಸಿ ಎತ್ತಿಟ್ಟೆವು. ಹಳೆಯ, ಅರ್ಧ ಖಾಲಿಯಾದ ಸೀಸೆಗಳನ್ನು ಎಸೆಯಲು ಹೇಳಿದೆ. ಲಿಮೊನೀನ್, ಲಿನಲೂಲ್‌ನಂಥ ಪರಿಮಳದ ವಸ್ತುಗಳು ಗಾಳಿ ತಾಗಿ ಹಳತಾದಾಗ ಮನುಷ್ಯರ ಚರ್ಮಕ್ಕೂ ಅಲರ್ಜಿ ತರುತ್ತವೆ ಎಂದು ತೋರಿಸಿದ ಕೆಲಸ ನಡೆದದ್ದು ಅದೇ ದೇಶದ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ.

ಏನಾದರೂ ಆದರೆ

ಬೆಕ್ಕು ಜೊಲ್ಲು ಸುರಿಸುತ್ತಿದ್ದರೆ, ತೂರಾಡುತ್ತಿದ್ದರೆ, ನಡುಗುತ್ತಿದ್ದರೆ, ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಮೈಯಿಂದ ಎಣ್ಣೆಯ ವಾಸನೆ ಬರುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಮ್ಮ ಹಳೆಯ ಪದ್ಧತಿ ಇಲ್ಲಿ ಎರಡನೇ ಅಪಾಯ. ಹೊಟ್ಟೆಯಲ್ಲಿದ್ದ ಎಣ್ಣೆ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಹಾಲೂ ಬೇಡ, ಮನೆಯಲ್ಲೇ ಇದ್ದಿಲ ಪುಡಿ ಕುಡಿಸುವುದೂ ಬೇಡ. ಮೈಗೆ ತಾಗಿದ್ದರೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚನೆಯ ನೀರು. ಬರೀ ನೀರಿಗೆ ಎಣ್ಣೆ ಹೋಗುವುದಿಲ್ಲ. ತೊಳೆದ ಮೇಲೆ ಚೆನ್ನಾಗಿ ಒರೆಸಿ, ಸುತ್ತಿ, ಬೆಚ್ಚಗಿಡಿ. ಈ ವಿಷದಲ್ಲಿ ಮೈ ತಣ್ಣಗಾಗುತ್ತದೆ, ಏಸಿ ಕೋಣೆಯಲ್ಲಿ ಒದ್ದೆ ಬೆಕ್ಕು ಇನ್ನಷ್ಟು ತಣ್ಣಗಾಗುತ್ತದೆ. ಸೀಸೆಯನ್ನು ಕಡ್ಡಾಯವಾಗಿ ಒಯ್ಯಿರಿ. ಈ ಎಣ್ಣೆಗಳಿಗೆಲ್ಲ ಒಂದೇ ಪ್ರತಿವಿಷ ಎಂಬುದಿಲ್ಲ, ಒಳಗೇನಿದೆ ಎಂದು ತಿಳಿದರೆ ವೈದ್ಯರಿಗೆ ಮುಂದೇನು ಕೆಡುತ್ತದೆ ಎಂಬ ಅಂದಾಜು ಸಿಗುತ್ತದೆ.

ಸ್ವೀಡನ್ನಿನಲ್ಲಿ 2023ರ ಜನವರಿ 1ರಿಂದ ಪ್ರತಿ ಬೆಕ್ಕಿಗೂ ಗುರುತು ಹಾಕಿಸಿ ಕೃಷಿ ಇಲಾಖೆಯಲ್ಲಿ ನೋಂದಾಯಿಸುವುದು ಕಡ್ಡಾಯ. ಮಿಸ್ಸೆಯ ಕುತ್ತಿಗೆಯ ಚರ್ಮದಡಿಯ ಚಿಪ್ಪನ್ನು ಆಸ್ಪತ್ರೆಯ ಬಾಗಿಲಲ್ಲೇ ಓದಿಕೊಂಡರಂತೆ. ನಾವಿರುವ ಊರುಗಳಲ್ಲಿ ನಿಯಮ ಹೇಗೇ ಇರಲಿ, ರಾತ್ರಿ ತೆರೆದಿರುವ ಪಶುವೈದ್ಯರ ನಂಬರನ್ನು ಇವತ್ತೇ ಹುಡುಕಿ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಒಂದೂವರೆ ಗಂಟೆ ರಾತ್ರಿಯಲ್ಲಿ ಹುಡುಕುವುದು ಬೇರೆ ಕಥೆ.

ಡಿಫ್ಯೂಸರ್ ಬಿಡಲಾರೆವು ಎನ್ನುವವರಿಗೆ: ಬೆಕ್ಕು ಬಾರದ ಕೋಣೆಯಲ್ಲಿ, ಸ್ವಲ್ಪ ಹೊತ್ತು, ಆಮೇಲೆ ಗಾಳಿಯಾಡಲು ಬಿಟ್ಟು. ಬೆಕ್ಕು ಒಳಗಿರುವಾಗ ಆ ಕೋಣೆಯ ಬಾಗಿಲು ಹಾಕಬೇಡಿ, ಎದ್ದು ಹೋಗಲು ದಾರಿ ಇರಲಿ. ಮುಲಾಮು ಹಚ್ಚಿದ ಕೈ ತೊಳೆಯದೆ ಬೆಕ್ಕನ್ನು ಸವರಬೇಡಿ, ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಿ. ಮಗುವಿಗೆ ಶೀತವಾದರೆ ಬರೀ ಬಿಸಿನೀರಿನ ಹಬೆಯೂ ಮೂಗು ಬಿಡಿಸುತ್ತದೆ, ದೊಡ್ಡವರು ಪಕ್ಕದಲ್ಲಿದ್ದು ಕೊಟ್ಟರಾಯಿತು. ನಾಯಿಗೆಂದು ಮಾರುವ ಪರ್ಮೆತ್ರಿನ್ ಇರುವ ಚಿಗಟದ ಔಷಧವನ್ನು ಬೆಕ್ಕಿಗೆ ಹಾಕಲೇಬೇಡಿ, ಅದು ಎಣ್ಣೆಗಳಿಗಿಂತಲೂ ಬೇಗ ಕೊಲ್ಲುತ್ತದೆ.

ದೇವರ ಮುಂದೆ ಒಂದು ಊದುಬತ್ತಿ, ಆರತಿಗೆ ಒಂದು ಬಿಲ್ಲೆ ಕರ್ಪೂರ ಉರಿಸಿದರೆ ತೊಂದರೆಯೇ ಎಂದು ಅಮ್ಮ ಕೇಳಿದರು. ಉರಿದು ಹೋಗುವ ಬಿಲ್ಲೆಗಿಂತ ಡಬ್ಬಿಯಲ್ಲಿ ಉಳಿದ ಬಿಲ್ಲೆಗಳ ಬಗ್ಗೆ ಎಚ್ಚರ ಬೇಕು. ಮುಚ್ಚಳ ಬಿಗಿಯಾಗಿರಲಿ, ಬೆಕ್ಕಿಗಿಂತ ಮೊದಲು ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಕರ್ಪೂರ ನುಂಗಿದ ಮಗುವಿಗೆ ಫಿಟ್ಸ್ ಬರುವುದು ಆಸ್ಪತ್ರೆಯವರಿಗೆ ಗೊತ್ತಿರುವ ಸಂಗತಿ.

ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾದಂದಿನಿಂದ ಪರಿಮಳ ನಮ್ಮ ನಾಡಿನ ಹೆಮ್ಮೆ. ಹಾಗಾಗಿ ಈ ಮಾತು ಎಲ್ಲಿ ಹೇಳಿದರೂ ಯಾರಾದರೊಬ್ಬರು ಮೈಸೂರ್ ಸ್ಯಾಂಡಲ್ ಸೋಪಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ನೀವು ಅದರಲ್ಲಿ ಸ್ನಾನ ಮಾಡಿ, ಮೈ ಒರೆಸಿಕೊಂಡು ಬಂದು ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು. ಬೆಕ್ಕಿಗೇ ಆ ಸೋಪಿನಲ್ಲಿ ಸ್ನಾನ ಮಾತ್ರ ಬೇಡ.